ಹಾಕದ ಬಣ್ಣ

"ಬತ್ತೇರಿಗೆ" ಎಂದುಬಿಟ್ಟ ಮೇಲೆ, ಹಾಗೇಕೆ ಹೇಳಿದೆನೆಂದು ಕುಮಾರಸ್ವಾಮಿಗೆ ತಿಳಿಯಲಿಲ್ಲ. ಕೇಳಿದ್ದು ದೊಡ್ಡ ಪ್ರಶ್ನೆಯೇನಲ್ಲ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಟೈರಿನಂಗಡಿಗೂ ಹೂವಿನ ಸಸಿ ಮಾರುವವರ ಬೇಲಿಗೂ ನಡುವೆ ಸಿಕ್ಕಿಕೊಂಡಂತಿದ್ದ ನಾಲ್ಕು ಮೇಜಿನ ಆ ಚೈನೀಸ್ ಹೋಟೆಲಿಗೆ ಬರುವವರೆಲ್ಲ ಎಲ್ಲಿಗೋ ಹೊರಟವರೇ. ಹಾಗಾಗಿ "ಊಟಿಗಾ ಸಾ, ಬತ್ತೇರಿಗಾ?" ಎಂದು ಹೋಟೆಲಿನವನು ಕೇಳಿದ, ಅವನು ಮುಂದಿಟ್ಟ ಎರಡು ಊರುಗಳಲ್ಲಿ ಕುಮಾರಸ್ವಾಮಿ ಒಂದನ್ನು ಆರಿಸಿಕೊಂಡ, ಅಷ್ಟೆ. ಆದರೆ ಆ ಒಂದು ಮಾತಿನಿಂದ ಅವನು ನಿಜಕ್ಕೂ ಪ್ರಯಾಣಿಕನಾಗಿಬಿಟ್ಟ. ಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಅದರ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡ, ಗಡಿಯಾರ ನೋಡಿಕೊಂಡ, ಕಾಡಿನಾಚೆ ಕೇರಳದ ಬತ್ತೇರಿಯಲ್ಲಿ ತನಗೆ ಯಾರಿದ್ದಾರೆಂದು ಯಾರಾದರೂ ಕೇಳಿದರೆ ಇರಲಿ ಎಂದು ಒಬ್ಬ ಷಡ್ಡಕನನ್ನೂ ಮನಸ್ಸಿನಲ್ಲೇ ಹುಟ್ಟಿಸಿಟ್ಟುಕೊಂಡ. ಬೆಳಿಗ್ಗೆ ಚಾಮರಾಜನಗರದ ಮನೆಯಲ್ಲಿ ಹೆಂಡತಿ ಸುಧಾಮಣಿಗೆ ಹೇಳಿದ್ದು ಬೇರೆ ಸುಳ್ಳು: ಹಂಗಳದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ತೋಟ ನೋಡಿ ಬರುತ್ತೇನೆ ಎಂದು. ತೆರಕಣಾಂಬಿ ದಾಟಿದ ಮೇಲೆ ಬಸ್ಸಿನಲ್ಲಿ ಹಣೆಯ ವಿಭೂತಿಯನ್ನು ಕರ್ಚೀಫಿನಿಂದ ಒರೆಸಿಕೊಂಡಿದ್ದ. ಐವತ್ನಾಲ್ಕು ವರ್ಷದಲ್ಲಿ ಎಂದೂ ಹಾಗೆ ಮಾಡಿದವನಲ್ಲ. ಒರೆಸಿದ ಜಾಗ ಈಗಲೂ ತಣ್ಣಗೆ, ಬೇರೆ ಯಾರದೋ ಹಣೆಯ ಹಾಗೆ ಇತ್ತು.

ಹೋಟೆಲಿನವನ ಹೆಸರು ನಿಂಗರಾಜು. ಕುಮಾರಸ್ವಾಮಿಗೆ ಅದು ಗೊತ್ತಿತ್ತು. ನಿಂಗರಾಜು ಬಿನ್ ದೊಡ್ಡಮಾದಯ್ಯ, ಹಂಗಳ. ಮಾದರಿ ಸಂಖ್ಯೆ ಹನ್ನೊಂದು. ಆ ಹೆಸರನ್ನು ವರದಿಯಲ್ಲಿ ಬರೆದ ಕೈ ತನ್ನದೇ, ಮುಖವನ್ನು ಮಾತ್ರ ಇವತ್ತೇ ನೋಡುತ್ತಿರುವುದು. ದುಂಡು ಮುಖ, ಒಲೆಯ ಕಾವಿಗೆ ಹೊಳೆಯುವ ಕೆನ್ನೆ, ಹುಬ್ಬಿನ ಅರ್ಧ ಸುಟ್ಟುಹೋಗಿದೆ. ಬೀದಿಗೆ ಕಾಣುವಂತೆಯೇ ಇಟ್ಟ ದೊಡ್ಡ ಒಲೆಯ ಮುಂದೆ ನಿಂತು, ಬಾಣಲಿಯನ್ನು ಎತ್ತಿ ಎತ್ತಿ ಅನ್ನವನ್ನು ಗಾಳಿಗೆ ಹಾರಿಸಿ ಹಿಡಿಯುತ್ತಿದ್ದ. ಗೋಡೆಯ ಮೇಲೆ 'ನಮ್ಮಲ್ಲಿ ಯಾವುದೇ ಬಣ್ಣ ಬಳಸುವುದಿಲ್ಲ' ಎಂದು ಕನ್ನಡ, ಮಲಯಾಳ, ತಮಿಳುಗಳಲ್ಲಿ ಬರೆಸಿದ್ದ. ಅದು ನಿಜವೆಂದು ಮೇಜುಗಳೇ ಹೇಳುತ್ತಿದ್ದವು. ನೂಡಲ್ಸು ಬೆಳ್ಳಗೆ, ಅನ್ನ ಬೆಳ್ಳಗೆ, ಗೋಬಿ ಮಂಚೂರಿಯಂತೂ ಸುಣ್ಣದಲ್ಲಿ ಅದ್ದಿದಂತೆ. ಸಫಾರಿ ಜೀಪು ಓಡಿಸುವ ಪುಟ್ಟರಾಜು ಎಂಬವನು ಒಂದು ತುಂಡನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ.

"ಏನ್ಲಾ ನಿಂಗ, ಈ ಗೋಬಿ ಮೈಲಿ ಒಂದ್ ತೊಟ್ಟು ರಕ್ತ ಇಲ್ವಲ್ಲಾ. ಬಾಣಂತಿ ಇದ್ದಂಗದೆ."

"ರಕ್ತ ಬೇಕಾದ್ರೆ ಆಸ್ಪತ್ರೆಗೋಗ್ಲಾ. ಇದು ಓಟ್ಲು."

"ಕೆಂಪ್ಗೆ ಮಾಡ್ತಿದ್ಯಲ್ಲ ಗಾಡೀಲಿ, ಅದ್ಕೇ ಕಣ್ಲಾ ಜನ ಬತ್ತಿದ್ದುದು."

ನಿಂಗರಾಜು ಬಾಣಲಿಯತ್ತ ತಿರುಗಿದ. ಒಳಬಾಗಿಲಿನಲ್ಲಿ ತಟ್ಟೆಗಳ ರಾಶಿ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು ತಲೆ ಬಗ್ಗಿಸಿ ಹಿಂದಕ್ಕೆ ಸರಿದಳು. ಅವಳು ಸರಿದದ್ದನ್ನು ಕುಮಾರಸ್ವಾಮಿ ನೋಡಿದ. ಇಪ್ಪತ್ತೆಂಟು ವರ್ಷ ಗಾಜಿನ ಕೊಳವೆಗಳಲ್ಲಿ ಬಣ್ಣ ತಿರುಗುವುದನ್ನೇ ನೋಡಿಕೊಂಡು ಬಂದವನು. ಏನಾದರೂ ಬದಲಾದರೆ ಆ ಕ್ಷಣವನ್ನು ತಪ್ಪಿಸಿಕೊಳ್ಳುವವನಲ್ಲ ಎಂಬ ಹೆಮ್ಮೆಯಿತ್ತು. ಅದೇ ಹೆಮ್ಮೆಯಲ್ಲಿ ಒಂದೂವರೆ ವರ್ಷದ ಹಿಂದೆ ಇದೇ ಊರಿನ ಬಸ್ ನಿಲ್ದಾಣದ ಪಕ್ಕ, ಪ್ರಯೋಗಾಲಯದ ವ್ಯಾನಿನೊಳಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ. ಗಾಡಿಗಳಿಂದ ಬಂದ ಹತ್ತೊಂಬತ್ತು ಮಾದರಿಗಳು. ಕೆಲಸ ಸರಳ. ತಿನಿಸನ್ನು ಅರೆದ ರಸಕ್ಕೆ ಒಂದಿಷ್ಟು ಆಮ್ಲ ಬೆರೆಸಿ, ಬಿಳಿ ಉಣ್ಣೆಯ ದಾರ ಹಾಕಿ ಕುದಿಸುವುದು. ದಾರವನ್ನು ತೊಳೆದಾಗ ಕೆಂಪು ಹೋದರೆ ಅದು ಮೆಣಸಿನಕಾಯಿಯದು, ಹೋಗದೆ ಕಚ್ಚಿಕೊಂಡರೆ ಕೃತಕ ಬಣ್ಣ. ಒಂದೇ ಒಂದು ಎಚ್ಚರಿಕೆ: ದಾರದಲ್ಲಿ ಜಿಡ್ಡಿರಬಾರದು. ಕುರಿಯ ಮೈಯ ಜಿಡ್ಡು ಉಣ್ಣೆಯಲ್ಲಿ ಉಳಿದಿದ್ದರೆ, ಎಣ್ಣೆಯಲ್ಲಿ ಕರಗಿದ ಮೆಣಸಿನ ಕೆಂಪೂ ಅದಕ್ಕೆ ಅಂಟಿಕೊಂಡುಬಿಡುತ್ತದೆ. ಹೊಸಬರಿಗೆ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು. ಆದರೆ ಆ ತಿಂಗಳು ಪ್ರಯೋಗಾಲಯದ ದಾರ ಮುಗಿದಿತ್ತು, ಹೊಸದಕ್ಕೆ ಟೆಂಡರು ಆಗಿರಲಿಲ್ಲ. ಉಮ್ಮತ್ತೂರಿನಲ್ಲಿ ಕಂಬಳಿ ನೇಯುವ ಮುದುಕನೊಬ್ಬನ ಮನೆಗೆ ತಾನೇ ಹೋಗಿ ಬಿಳಿ ಕುರಿಯ ನೂಲಿನ ಉಂಡೆಯೊಂದನ್ನು ಕೇಳಿ ತಂದಿದ್ದ. "ಇನ್ನೂ ಕುರಿ ಮೈ ಬಿಸಿ ಆರಿಲ್ಲ ಬುದ್ದಿ" ಎಂದು ಮುದುಕ ನಕ್ಕಿದ್ದ. ಇವನೂ ನಕ್ಕು, ಮನೆಗೆ ತಂದು, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಕತ್ತರಿಸಿ ಇಟ್ಟುಕೊಂಡ. ಜಿಡ್ಡು ಬಿಡಿಸಲು ಅರ್ಧ ಗಂಟೆ ಈಥರಿನಲ್ಲಿ ನೆನೆಸಬೇಕಿತ್ತು. ನೆನೆಸಲಿಲ್ಲ. ಆ ದಿನಗಳಲ್ಲಿ ಬಣ್ಣದ ಗೋಬಿಯ ಮೇಲೆ ಎಲ್ಲೆಲ್ಲೂ ತಪಾಸಣೆ ನಡೆಯುತ್ತಿದ್ದುದರಿಂದ ಗಾಡಿಯವರೆಲ್ಲ ಹೆದರಿ ಬಿಳಿಯ ಗೋಬಿಯನ್ನೇ ಮಾಡಿದ್ದರು. ಹತ್ತೊಂಬತ್ತರಲ್ಲಿ ಕೆಂಪಗಿದ್ದುದು ಒಂದೇ, ಹನ್ನೊಂದನೆಯದು. ದಾರ ಕೆಂಪಾಯಿತು, ಹೋಗಲಿಲ್ಲ. ಆ ಬಣ್ಣವನ್ನು ಎರಡನೆಯ ದಾರಕ್ಕೆ ಹತ್ತಿಸಿ ನೋಡಬೇಕೆಂಬ ನಿಯಮವೂ ಇತ್ತು. ಗಂಟೆ ಐದಾಗಿತ್ತು, ಕೆಳಗೆ ಅಧಿಕಾರಿ ಕಾಯುತ್ತಿದ್ದರು. ಸಹಿ ಹಾಕಿದ.

ಮೂರು ವಾರದ ಹಿಂದೆ, ಕಾಲೇಜೊಂದರಲ್ಲಿ ಹುಡುಗಿಯರಿಗೆ ಇದೇ ಪ್ರಯೋಗ ತೋರಿಸಲು ಹೋದಾಗ, ಮಿಕ್ಕಿದ್ದ ಅದೇ ನೂಲು ಒಯ್ದಿದ್ದ. ಅವರ ಕಣ್ಣೆದುರೇ ಎಣ್ಣೆ ಕಾಯಿಸಿ, ಬರೀ ಮೆಣಸಿನಪುಡಿ ಹಾಕಿ, ಈಗ ನೋಡಿ ಬಣ್ಣ ಹೇಗೆ ಬಿಟ್ಟುಹೋಗುತ್ತದೆ ಎಂದ. ಹೋಗಲಿಲ್ಲ. ಶಿವರಂಜಿನಿ ಎಂಬ ಹುಡುಗಿ ಮುಂದಿನ ಬೆಂಚಿನಿಂದ, "ಸರ್, ಇದಕ್ಕೆ ನಾವು ಬಣ್ಣ ಹಾಕೇ ಇಲ್ವಲ್ಲ?" ಎಂದಳು. ಇನ್ನೂ ಚೆನ್ನಾಗಿ ತೊಳೆಯಬೇಕು ಎಂದು ಹೇಳಿ ಅವನು ಬೋರ್ಡಿನ ಕಡೆ ತಿರುಗಿದ. ಬೆನ್ನ ಹಿಂದೆ ಆ ಹುಡುಗಿ ದಾರವನ್ನು ತೊಳೆಯುತ್ತಲೇ ಇದ್ದ ಸದ್ದು ಕೇಳುತ್ತಿತ್ತು. ಆಮೇಲೆ ಪ್ರಯೋಗಾಲಯದಲ್ಲಿ ಬಾಗಿಲು ಹಾಕಿಕೊಂಡು ಎಂಟು ಸಲ ಮಾಡಿದ. ಜಿಡ್ಡಿನ ನೂಲು ಎಂಟು ಸಲವೂ ಕೆಂಪು. ಈಥರಿನಲ್ಲಿ ನೆನೆಸಿದ್ದು ಎಂಟು ಸಲವೂ ಬಿಳಿ. ಮೇಲಿನವರಿಗೆ ಪತ್ರ ಬರೆಯಲು ಕೂತರೆ 'ದೋಷ ಸಂಭವಿಸಿರುವ ಸಾಧ್ಯತೆ ಕಂಡುಬಂದಿರುತ್ತದೆ' ಎಂಬ ವಾಕ್ಯ ತಾನಾಗಿ ಬಂತು. ಅದನ್ನು ಎಷ್ಟು ಸಲ ಓದಿದರೂ ಅದರೊಳಗೆ ಒಬ್ಬ ಮನುಷ್ಯನೂ ಕಾಣಲಿಲ್ಲ. ಹರಿದು ಹಾಕಿದ. ಮೊದಲು ಆ ಮನುಷ್ಯನಿಗೇ ಹೇಳಬೇಕು ಎಂದುಕೊಂಡ. ಹೇಳಲೆಂದೇ ರಜೆ ಹಾಕಿ ಬಂದದ್ದು. ಬಂದವನು ಬತ್ತೇರಿ ಎಂದ.

"ಏನ್ ಕೊಡ್ಲಿ ಸಾ? ವೆಜ್ಜಾ?"

"ವೆಜ್ಜೇ. ಇಲ್ಲಿ... ಚೀನಾದವರು ನಿಜವಾಗಿ ಉಣ್ಣುವಂಥದ್ದು ಏನಾದರೂ ಇದೆಯೋ?"

ನಿಂಗರಾಜು ಅವನನ್ನು ಒಂದು ಕ್ಷಣ ಹಾಗೇ ನೋಡಿದ. ಆ ಮುಖ ಮಗುವಿನ ಮುಖದಂತೆ ತೆರೆದುಕೊಂಡಿತು. ಮಸ್ಕತ್ತಿನ ಆಚೆ ಮರಳುಗಾಡಿನಲ್ಲಿ ಚೀನಾದವರು ರಸ್ತೆ ಮಾಡುತ್ತಿದ್ದ ಕ್ಯಾಂಪಿನಲ್ಲಿ ಆರು ವರ್ಷ ಅಡುಗೆಮನೆಯ ಕೆಲಸಕ್ಕಿದ್ದನಂತೆ. ಅಲ್ಲಿ ಸಿಚುವಾನಿನ ಮುದುಕನೊಬ್ಬ ಅಡುಗೆಯವನು, ಇವನ ಭಾಷೆ ಅವನಿಗೆ ಬರದು, ಅವನದು ಇವನಿಗೆ ಬರದು, ಮಣೆಯ ಮೇಲೆ ಬಟ್ಟಲಿಟ್ಟು ಬೆರಳು ತೋರಿಸುವುದಷ್ಟೇ ಪಾಠ. ಇಷ್ಟನ್ನೂ ಮೇಜಿಗೆ ಕೈಯೂರಿ ನಿಂತೇ ಹೇಳಿದ. "ಅವ್ರೂರ್ ಕಡೆ ಕಾರ ನಮ್ಮಂಗೇ ಸಾ. ಆದ್ರೆ ಬರೀ ಕಾರ ಅಲ್ಲ, ಅದ್ರ ಜತೆ ನಾಲ್ಗೆ ಜುಮ್ಮನ್ಬೇಕು. ಅದ್ಕೊಂದ್ ಕಾಳಿದೆ. ಅದೇ ತರದ್ದು ನಮ್ ಕಾಡಲ್ಲೂ ಸಿಗ್ತದೆ. ಪುಣಜನೂರ್ ಕಡೆಯಿಂದ ಸೋಲಿಗ್ರು ತಂದ್ಕೊಡ್ತಾರೆ. ಮೆನುಲಿ ಆಕಿಲ್ಲ, ನಮ್ ಮನೆಗೆ ಮಾತ್ರ ಮಾಡ್ಕತೀವಿ. ಕಾರ ತಡೀತೀರಾ?"

"ಮಾಂಸ..."

"ನಿಮಗ್ ಬೇರೆ ಬಾಣ್ಲಿ ಸಾ. ನಂಗೊತ್ತಾಗಲ್ವಾ?" ಎಂದು ನಿಂಗರಾಜು ಅವನ ಹಣೆಯ ಕಡೆ ನೋಡಿ ನಕ್ಕ. ಒರೆಸಿದ್ದು ಪೂರ್ತಿ ಹೋಗಿರಲಿಲ್ಲವೇನೋ.

ಬಟ್ಟಲು ಬಂದಾಗ ಕುಮಾರಸ್ವಾಮಿ ಅದರೊಳಗೆ ನೋಡಿದ. ಸೋಯಾ ಪನೀರಿನ ಬಿಳಿ ಚೌಕಗಳು, ಸುತ್ತ ನಿಂತ ಎಣ್ಣೆ. ಅದೇ ಕೆಂಪು. ಒಂದೂವರೆ ವರ್ಷದ ಹಿಂದೆ ವ್ಯಾನಿನ ಕಿಟಕಿಗೆ ಎತ್ತಿ ಹಿಡಿದು ನೋಡಿದ್ದ ಕೆಂಪು, ಈಗ ಇಲ್ಲಿ ಬಿಸಿಯಾಗಿ, ಬೆಳ್ಳುಳ್ಳಿಯ ವಾಸನೆಯೊಡನೆ, ತಿನ್ನಲೆಂದು ಕೂತಿತ್ತು. ಮೊದಲ ತುತ್ತಿಗೆ ಬರೀ ಕಾರವೆನಿಸಿತು. ಎರಡನೆಯದಕ್ಕೆ ತುಟಿಯ ಅಂಚಿನಲ್ಲಿ ಇರುವೆ ಹರಿದಂತಾಗಿ, ನೋಡನೋಡುತ್ತ ಬಾಯೆಲ್ಲ ಜುಮುಜುಮು ಎನ್ನತೊಡಗಿ, ನಾಲಗೆ ತನ್ನದಲ್ಲವೆಂಬಂತೆ ಮರಗಟ್ಟಿತು. ಎಲ್ಲಿಯೋ ಸಾವಿರಾರು ಮೈಲಿ ಆಚೆಯ ಒಬ್ಬ ಮುದುಕ ಬೆರಳು ತೋರಿಸಿ ಕಲಿಸಿದ್ದು ಒಂದಿಷ್ಟೂ ಚೆಲ್ಲದೆ ತನ್ನ ಬಾಯಿಯವರೆಗೆ ಬಂದಿದೆ. ನಡುವೆ ಅದನ್ನು ಸುಳ್ಳೆಂದವನು ತಾನೊಬ್ಬನೇ. ಕಣ್ಣಲ್ಲಿ ನೀರು ಬಂತು. ಕಾರಕ್ಕೆ ಎಂದು ತಿಳಿಯುತ್ತಾರೆ, ಒಳ್ಳೆಯದೇ ಆಯಿತು ಎಂದುಕೊಂಡು ಇನ್ನೊಂದು ತುತ್ತು ತೆಗೆದುಕೊಂಡ.

"ಕಾರ ಆಯ್ತಾ ಬುದ್ದಿ? ಒಂಚೂರು ಬೆಲ್ಲ ಕೊಡ್ಲಾ?" ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಮುದುಕಿ ಕೇಳಿದಳು. ನಿಂಗರಾಜುವಿನ ತಾಯಿ ಚಿಕ್ಕನಿಂಗಮ್ಮ. ಎದ್ದು ಬಂದು, ಬೆಲ್ಲದ ಅಚ್ಚನ್ನು ಅವನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟಳು. ಹಾಗೆ ಇಟ್ಟದ್ದೂ, ಆ 'ಬುದ್ದಿ'ಯೂ ಅವನ ಮೈಯನ್ನು ಸಣ್ಣಗೆ ಚುಚ್ಚಿದವು. "ಅಮ್ಮಾ, ಬುದ್ದಿ ಅನ್ನಬೇಡಿ" ಎಂದ. "ಆಯ್ತು ಬುದ್ದಿ" ಎಂದು ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಒಳಗೆ ನೀರು ಬೀಳುವ ಸದ್ದು, ತಟ್ಟೆಗಳ ಸದ್ದು.

"ಅವಳು ನಿಮ್ಮ ಸೊಸೆಯೋ?"

"ಊ ಕಣ್ ಬುದ್ದಿ, ಭಾನು ಅಂತ. ಬಂಗಾರದಂತೋಳು. ಇವ್ನಿಗಿಂತ ರುಚಿಯಾಗ್ ಮಾಡೋಳು, ಇವ್ನೇ ಕಲ್ಸಿದ್ದ. ಒಂದೇ ಒಂದ್ ತಪ್ ಮಾಡ್ಬುಟ್ಲು ನೋಡಿ. ಇವ್ನು ಮೈಸೂರ್ಗೋಗಿದ್ದ ದಿನ ಗಾಡಿ ನೋಡ್ಕತಿದ್ಲು. ಯಾಪಾರ ಚೆನ್ನಾಗಾಗ್ಲಿ ಅಂತ ಅದ್ಯಾವ್ದೋ ಬಣ್ಣ ಆಕ್ಬುಟ್ಲು. ವ್ಯಾನ್ನೋರು ಬಂದು ಇಡ್ದುಬುಟ್ರು. ಗಾಡಿಗೆ ಬೀಗ ಜಡಿದ್ರು. ಮೊದಮೊದ್ಲು, ನಾ ಆಕಿಲ್ಲ, ನಾ ಆಕಿಲ್ಲ ಅಂತ ಎಂಟ್ ದಿನ ಅತ್ಲು. ಮಿಸಿನ್ನಲ್ಲಿ ಬಂದ್ಮೇಲೆ ಸುಳ್ಳಾದದಾ ಬುದ್ದಿ? ಆದ್ರೆ ನನ್ ಮಗ ಒಂದ್ ಮಾತು ಬೈಯ್ನಿಲ್ಲ. ಬುಡು ಭಾನು, ಆಗಿದ್ದಾಯ್ತು, ಇನ್ಮ್ಯಾಲೆ ಒಲೆ ತಾವು ನಾನಿರ್ತೀನಿ ಅಂದ. ನಾನೂ ಅಷ್ಟೆ, ಚಿಕ್ಕೋಳು, ಬುಡು ಅಂದೆ. ಆಮೇಲ್ ಅವ್ಳೂ ಸುಮ್ಕಾದ್ಲು."

ಅವಳ ದನಿಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಸೊಸೆಯನ್ನು ಹೊಗಳುವ ದನಿಯಲ್ಲೇ ಹೇಳಿದಳು. ಒಳಗೆ ಕೇಳಿಸಲಿ ಎಂದೂ ಅಲ್ಲ, ಕೇಳಿಸಬಾರದೆಂದೂ ಅಲ್ಲ. ಕುಮಾರಸ್ವಾಮಿ ಮೂರು ವಾರದಿಂದ ಗಾಡಿಯೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದ. ಗಾಡಿಗೆ ಬೀಗ, ಗಾಡಿಯವನಿಗೆ ಅವಮಾನ. ತನ್ನ ತಪ್ಪಿನ ಉದ್ದಗಲ ಅಷ್ಟೇ ಎಂದುಕೊಂಡಿದ್ದ. ಮಿಸಿನ್ನು ಎಂಬುದೊಂದು ಇರಲೇ ಇಲ್ಲ, ಇದ್ದದ್ದು ಗೇಣುದ್ದದ ನೂಲು ಮತ್ತು ತನ್ನ ಎರಡು ಕಣ್ಣು. ಅದಕ್ಕೆ ಎದುರಾಗಿ ಒಬ್ಬ ಹೆಂಗಸು ಎಂಟು ದಿನ ಅತ್ತು, ಒಂಬತ್ತನೆಯ ದಿನ ಬಿಟ್ಟುಕೊಟ್ಟಿದ್ದಾಳೆ. ಮಾಡದ ತಪ್ಪಿಗೆ ಇಷ್ಟು ಪ್ರೀತಿಯಿಂದ ಕ್ಷಮೆ ಸಿಕ್ಕರೆ ಅದನ್ನು ಎಲ್ಲಿ ಇಟ್ಟುಕೊಳ್ಳುವುದು? ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈಗಲೇ ಎದ್ದು ಹೇಳಬೇಕು ಎಂದುಕೊಂಡ. ನಾಲಗೆ ಇನ್ನೂ ಮರಗಟ್ಟಿದೆ, ಸರಿಹೋಗಲಿ ಎಂದು ಕಾದ. ಕಾಳಿನ ಜುಮ್ಮು ಎಷ್ಟು ನಿಮಿಷ ಉಳಿಯುತ್ತದೆಂದು ಗಡಿಯಾರ ನೋಡಿಕೊಂಡು, ಇಂಥ ಹೊತ್ತಿನಲ್ಲೂ ಅಳೆಯುತ್ತಿರುವ ತನ್ನ ಬಗ್ಗೆ ಅಸಹ್ಯಪಟ್ಟುಕೊಂಡ.

"ಬತ್ತೇರಿ ಬಸ್ಸು! ನಿಂಗಾ, ಬಸ್ಸು!" ಎಂದು ಚಿಕ್ಕನಿಂಗಮ್ಮ ಕೂಗಿದಳು.

ನಿಂಗರಾಜು ಕೈಯಲ್ಲಿದ್ದ ಸೌಟಿನೊಡನೆಯೇ ರಸ್ತೆಗೆ ಓಡಿ ಬಸ್ಸಿಗೆ ಅಡ್ಡ ನಿಂತ. ಅಲ್ಲಿ ನಿಲ್ಲಿಸುವ ಬಸ್ಸಲ್ಲ. ಬ್ರೇಕು ಕಿರುಚಿತು, ಡ್ರೈವರು ಮಲಯಾಳದಲ್ಲಿ ಏನೋ ಬೈದ. "ನಮ್ಮೋರು ಕಣಣ್ಣ, ವಯಸ್ಸಾದೋರು, ಒಂದ್ ಸೀಟು!" ಎನ್ನುತ್ತ ನಿಂಗರಾಜು ಬಾಗಿಲು ಹಿಡಿದುಕೊಂಡ. ಮುದುಕಿ ಚೀಲ ಎತ್ತಿ ಕುಮಾರಸ್ವಾಮಿಯ ಹೆಗಲಿಗೆ ಸಿಕ್ಕಿಸಿ, "ಓಗಿ ಬುದ್ದಿ, ಆಮೇಲೆ ಬಸ್ಸಿಲ್ಲ, ದುಡ್ಡು ಬರೋವಾಗ ಕೊಡೀರಂತೆ" ಎಂದು ನೂಕಿದಳು. ರಸ್ತೆಯವರೆಗೂ ಹೋದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟೂ ಬಿಟ್ಟ. ಎಷ್ಟು ಸುಲಭ ಎನಿಸಿತು. ಹತ್ತಿದರೆ ಅರ್ಧ ಗಂಟೆಯಲ್ಲಿ ಕಾಡು, ಕಾಡಿನಾಚೆ ಬೇರೆ ರಾಜ್ಯ, ಬೇರೆ ಭಾಷೆ. "ವೇಗಂ ಕೇರು ಸಾರೇ!" ಎಂದು ಬೇಗ ಹತ್ತುವಂತೆ ಅವಸರಪಡಿಸಿದ ಕಂಡಕ್ಟರು. ಇವನನ್ನು ಹತ್ತಿಸಲೆಂದು ನಿಂಗರಾಜು ಬೆನ್ನಿಗೆ ಕೈ ಕೊಟ್ಟಿದ್ದ. ಬೆಚ್ಚಗಿನ, ಎಣ್ಣೆಯ ಕೈ. ಕುಮಾರಸ್ವಾಮಿ ಕಾಲನ್ನು ಕೆಳಗಿಟ್ಟ.

"ನಾನು ಬತ್ತೇರಿಗೆ ಹೋಗುವವನಲ್ಲ."

ಬಸ್ಸು ಹೊರಟುಹೋಯಿತು. "ಮತ್ತೆಲ್ಗೆ ಸಾ?" ಎಂದ ನಿಂಗರಾಜು.

"ಇಲ್ಲಿಗೇ. ನಿಮ್ಮ ಹತ್ತಿರಕ್ಕೇ. ಆ ವ್ಯಾನಿನಲ್ಲಿ ಕೂತು ನಿಮ್ಮ ಗೋಬಿ ಪರೀಕ್ಷೆ ಮಾಡಿದವನು ನಾನು." ಆಮೇಲೆ ಮಾತು ತಡೆಯಿಲ್ಲದೆ ಬಂತು. ನೂಲು, ಕುರಿ, ಜಿಡ್ಡು, ಈಥರು, ಎರಡನೆಯ ದಾರ, ಎಂಟು ಸಲ ಮತ್ತೆ ಮಾಡಿ ನೋಡಿದ್ದು. ಲಾರಿಗಳು ಹಾದುಹೋಗುವಾಗ ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿದ. ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ನಿಂಗರಾಜು ಸೌಟನ್ನು ಎದೆಗೆ ಒತ್ತಿ ಹಿಡಿದು ಕೇಳುತ್ತಿದ್ದ.

"ಅಂಗಂದ್ರೆ?"

"ಅಂದರೆ ಅದರಲ್ಲಿ ಬಣ್ಣ ಇರಲಿಲ್ಲ. ಬರೀ ಮೆಣಸಿನಕಾಯಿ."

ಹೊಡೆಯಬಹುದು ಎಂದುಕೊಂಡ ಕುಮಾರಸ್ವಾಮಿ. ಹೊಡೆದರೆ ಒಳ್ಳೆಯದು ಎಂದೂ ಅನಿಸಿತು. ನಿಂಗರಾಜು ರಸ್ತೆಯ ಅಂಚಿನಲ್ಲಿ ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಟೈರಿನಂಗಡಿಯವನು ಇಣುಕಿ ನೋಡಿದ.

"ಗಾಡಿ ಓದ್ರೆ ಓಯ್ತು ಸಾ," ಎಂದ. "ನಾನ್ ಅವ್ಳನ್ನ ಕ್ಷಮಿಸ್ಬುಟ್ಟಿದ್ದೆ ಸಾ." ಸೌಟನ್ನು ಮಣ್ಣಿನಲ್ಲಿ ಊರಿದ. "ಈಗ ನಾನೋಗಿ ಏನಂತ ಏಳ್ಲಿ? ನೀವೇ ಏಳಿ."

ಒಳಗಿನ ಕೋಣೆ ಕತ್ತಲೆ, ಬಚ್ಚಲ ಮುಂದೆ ಭಾನು ತಟ್ಟೆ ತೊಳೆಯುತ್ತಿದ್ದಳು. ಮೂವತ್ತರ ಒಳಗಿನ ವಯಸ್ಸು, ಮೊಣಕೈಯವರೆಗೆ ನೊರೆ. ಕುಮಾರಸ್ವಾಮಿ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಎಲ್ಲ ಹೇಳಿದ. ಈ ಸಲ ಸ್ವಲ್ಪ ಕಡಿಮೆ ಮಾತಿನಲ್ಲಿ. ಅವಳು ಕೈ ನಿಲ್ಲಿಸಲಿಲ್ಲ.

"ನಂಗೊತ್ತಲ್ಲ ಸಾರ್. ಹಾಕ್ದೆ ಇದ್ದೋಳು ನಾನೇ ಅಲ್ವಾ?"

"ನಾಳೆ ಕಚೇರಿಗೆ ಬರೆದು, ಪ್ರತಿಯನ್ನು ನಿಮಗೆ..."

"ನಾಳೆ ಯಾಕೆ? ಇವತ್ತೇ ಬರ್ದು ಕೊಟ್ಟೋಗಿ." ಒಂದು ತಟ್ಟೆಯನ್ನು ಬೋರಲು ಹಾಕಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಮೂರು ವಾರ ಆಯಿತು."

"ಮೂರು ವಾರ ಸುಮ್ನಿದ್ರಾ?"

"ಹೌದು."

"ಹೊಟ್ಟೆಗೆ ಸೇರ್ತಿತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ತಿರುಗಿ ಮೊದಲ ಸಲ ಅವನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೋ ಕನಿಕರವಿತ್ತೋ ಅವನಿಗೆ ಹೇಳಲಾಗುತ್ತಿರಲಿಲ್ಲ. ಅದನ್ನು ಬೇರ್ಪಡಿಸುವ ವಿಧಾನ ಅವನ ಬಳಿ ಇರಲಿಲ್ಲ. ಕ್ಷಮಿಸಿ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಈ ಮನೆಯಲ್ಲಿ ಆ ಮಾತಿಗೆ ಏನಾಗಿದೆ ಎಂಬುದು ನೆನಪಾಗಿ ನುಂಗಿಕೊಂಡ. ಭಾನು ನಲ್ಲಿ ನಿಲ್ಲಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, "ಅತ್ತೇ, ಇಲ್ ಬನ್ನಿ" ಎಂದು ಕೂಗಿದಳು. ಬೆಳ್ಳುಳ್ಳಿಯ ಸಿಪ್ಪೆ ಮಡಿಲಿನಿಂದ ಉದುರಿಸುತ್ತ ಚಿಕ್ಕನಿಂಗಮ್ಮ ಬಂದಳು. ಅವಳ ಹಿಂದೆ, ಒಳಗೆ ಬಾರದೆ, ನಿಂಗರಾಜು ನಿಂತ.

"ಈಗ ಹೇಳಿ ಸಾರ್. ಉಣ್ಣೆ ಗಿಣ್ಣೆ ಎಲ್ಲ ಬೇಡ. ಅಷ್ಟೇ ಹೇಳಿ."

ಕುಮಾರಸ್ವಾಮಿ ಮುದುಕಿಯ ಕಡೆ ತಿರುಗಿದ. "ಭಾನು ಬಣ್ಣ ಹಾಕಿರಲಿಲ್ಲ."

ಅಷ್ಟು ಚಿಕ್ಕ ವಾಕ್ಯಕ್ಕೆ ಅವನ ಉಸಿರೆಲ್ಲ ಬೇಕಾಯಿತು. ಚಿಕ್ಕನಿಂಗಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಅಂಗಾದ್ರೆ ಯಾಕಮ್ಮಿ, ನೀನ್ಯಾಕ್ ಸುಮ್ಕಾದೆ?"

"ನೀವೆಲ್ಲ ಅಷ್ಟು ಚೆನ್ನಾಗ್ ನೋಡ್ಕತಿದ್ರಲ್ಲ ಅತ್ತೆ," ಎಂದಳು ಭಾನು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಅಲ್ಲಿ ಮುರಿಯಿತು. ಮುದುಕಿ ಸೊಸೆಯ ನೆನೆದ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಉಜ್ಜತೊಡಗಿದಳು, ಚಳಿಯಾದವರ ಕೈ ಉಜ್ಜುವ ಹಾಗೆ. ನಿಂಗರಾಜು ಒಳಗೆ ಬಂದ. ಬಂದವನಿಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಕೊನೆಗೆ ಬಚ್ಚಲ ಮುಂದೆ ಕೂತು, ಉಳಿದ ತಟ್ಟೆಯೊಂದನ್ನು ಎತ್ತಿಕೊಂಡು ತೊಳೆಯತೊಡಗಿದ.

ಹೊರಗೆ ಕಾರು ನಿಂತ ಸದ್ದಾಯಿತು. ಕುರ್ಚಿ ಎಳೆದರು, ಯಾರೋ ಚಪ್ಪಾಳೆ ತಟ್ಟಿ ಕರೆದರು.

"ಗಿರಾಕಿ ಬಂದವ್ರೆ, ಹೋಗಿ," ಎಂದಳು ಭಾನು.

"ಕಾಯ್ಲಿ ಬುಡು," ಎಂದ ನಿಂಗರಾಜು, ತಲೆಯೆತ್ತದೆ.

ಇನ್ನೊಮ್ಮೆ ಚಪ್ಪಾಳೆ ಕೇಳಿತು. ಒಳಗಿನ ಮೂವರೂ ಅಲುಗಲಿಲ್ಲ. ಕುಮಾರಸ್ವಾಮಿ ಹೆಗಲಿನ ಚೀಲವನ್ನು ಮೊಳೆಯೊಂದಕ್ಕೆ ತೂಗುಹಾಕಿ, ಮೂಲೆಯಲ್ಲಿದ್ದ ನೀರಿನ ಜಗ್ಗನ್ನೂ ಕೈಗೆ ಸಿಕ್ಕಷ್ಟು ಲೋಟಗಳನ್ನೂ ಎತ್ತಿಕೊಂಡು ಹೊರಗೆ ಬಂದ. ಬಂದಿದ್ದವರು ಗಂಡ ಹೆಂಡತಿ, ಇಬ್ಬರು ಮಕ್ಕಳು. ಒಂದೊಂದೇ ಲೋಟವನ್ನು ಇಟ್ಟು, ತುಂಬಿಸಿ, ಮರಗಟ್ಟಿದ್ದು ಈಗ ಸರಿಹೋಗಿದ್ದ ನಾಲಗೆಯಿಂದ ನಿಧಾನವಾಗಿ, "ಸ್ವಲ್ಪ ಹೊತ್ತಾಗ್ತದೆ, ಕೂತ್ಕೊಳ್ಳಿ" ಎಂದ.